ದೇಗಾಂವದ ಕಾಡುಕೋಣ

ಜಜ್ಜಿದ ಉಳ್ಳಾಗಡ್ಡಿ ಹಾಕಿದ ಮಜ್ಜಿಗೆಯನ್ನು ನಾನು ಕುಡಿಯುವುದಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಯಾರ ಮನೆಗೆ ಹೋದರೂ ಮೊದಲು ಮುಂದೆ ಬರುವುದು ಅದೇ ತಂಬಿಗೆ. ಬೇಡ ಎಂದರೆ ಮನೆಯವರ ಮುಖ ಸಣ್ಣದಾಗುತ್ತದೆ. ಡಾಕ್ಟರಿಗೆ ಹೊಟ್ಟೆ ಸರಿಯಿಲ್ಲ ಎಂದು ಕೆಲವರು, ಡಾಕ್ಟರಿಗೆ ಸೊಕ್ಕು ಎಂದು ಕೆಲವರು ತಿಳಿದುಕೊಳ್ಳುತ್ತಾರೆ. ಹೋದ ಬೇಸಿಗೆಯಲ್ಲಿ ಬೈಲಹೊಂಗಲದ ತಂಗಿಯ ಮನೆಗೆ ಹೋದಾಗ ಅವಳ ಸೊಸೆ, ಹೊಸದಾಗಿ ಬಂದ ಹುಡುಗಿ, ಗೊತ್ತಿಲ್ಲದೆ ತಂದು ಕೊಟ್ಟಳು. ತಂಬಿಗೆ ಬಾಯಿಯ ಹತ್ತಿರ ಬರುವಷ್ಟರಲ್ಲಿ ಆ ವಾಸನೆ ಮೂಗಿಗೆ ಬಡಿಯಿತು. ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತೆ. "ಇನ್ನೂ ಅದ ನೆನಪೇನೋ ಅಣ್ಣಾ? ಎಷ್ಟ ವರ್ಷ ಆತು, ಬಿಟ್ಟಬಿಡು ಇನ್ನ," ಎಂದಳು ತಂಗಿ. ಬಿಡುವ ವಯಸ್ಸೇನೋ ನನಗಾಗಿದೆ. ನನ್ನ ಸಿಟ್ಟಿಗೆ ಇನ್ನೂ ಆಗಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆ ಅದು. ನಾನು ಬೈಲಹೊಂಗಲದ ದನದ ದವಾಖಾನೆಯಲ್ಲಿ ಡಾಕ್ಟರ್. ಹುಟ್ಟಿದ ಊರಿನಲ್ಲೇ ನೌಕರಿ ಸಿಕ್ಕಿತ್ತು. ಹಿಂದೆ ನಮ್ಮ ಓಣಿಯವರಿಗೆ ಊರಿನ ಸತ್ತ ದನ ಎಳೆಯುವ ಕೆಲಸ ಹಚ್ಚಿಟ್ಟಿದ್ದರು. ನಾನಿನ್ನೂ ಸಾಲೆಗೆ ಹೋಗುತ್ತಿದ್ದಾಗ ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡ. ಆ ಕೆಲಸ ಬಿಟ್ಟು ಹೊಲಿಗೆ ಮಷೀನು ಹಿಡಿದ. ಅದಕ್ಕಾಗಿ ಊರವರು ಎಷ್ಟು ದಿನ ನಮ್ಮ ಮನೆಗೆ ಕಿರಾಣಿ ಸಾಮಾನು ಕೊಡದೆ ಸತಾಯಿಸಿದರು ಎಂಬುದು ಬೇರೆ ಕತೆ. ನಾನು ಪಶುವೈದ್ಯ ಕಾಲೇಜಿಗೆ ಹೊರಟ ದಿನ ಅಪ್ಪ ಹೇಳಿದ ಮಾತು ಇಷ್ಟೇ: "ಸತ್ತದ್ದನ್ನ ನಾವು ಎಳದಿದ್ದು ಸಾಕು. ನೀ ಬದಕಿದ್ದನ್ನ ಉಳಸು."

ಆ ಬೇಸಿಗೆಯ ಹಿಂದಿನ ಚಳಿಗಾಲದಲ್ಲಿ ನನ್ನನ್ನು ದಕ್ಷಿಣದ ಒಂದು ಮೃಗಾಲಯಕ್ಕೆ ತರಬೇತಿಗೆ ಕಳಿಸಿದ್ದರು. ಕಾಡುಪ್ರಾಣಿಗೆ ದೂರದಿಂದಲೇ ಸೂಜಿ ಹೊಡೆದು ಮಲಗಿಸುವ ವಿದ್ಯೆ ನಮ್ಮ ಕಡೆ ಆಗ ಹೊಸದು. ಬಂದೂಕಿನಲ್ಲಿ ಗುಂಡಿನ ಬದಲು ಮದ್ದು ತುಂಬಿದ ಸಣ್ಣ ಕೊಳವೆ, ಅದರ ಮುಂದೆ ದಪ್ಪ ಸೂಜಿ, ಹಿಂದೆ ಕೆಂಪು ಉಣ್ಣೆಯ ಕುಚ್ಚು. ಡಾರ್ಟ್ ಎನ್ನುತ್ತಿದ್ದೆವು. ಹೊಡೆಯುವುದನ್ನು ಯಾರಾದರೂ ಕಲಿಯಬಹುದು. ಅಲ್ಲಿನ ಹಿರಿಯ ಡಾಕ್ಟರು ನನಗೆ ಬಡಿದು ಬಡಿದು ಕಲಿಸಿದ್ದು ಹೊಡೆದ ಮೇಲಿನ ಕೆಲಸವನ್ನು. ಮೆಲುಕು ಹಾಕುವ ಪ್ರಾಣಿ ಪಕ್ಕಕ್ಕೆ ಬಿದ್ದರೆ ಹೊಟ್ಟೆ ಉಬ್ಬಿ ಉಸಿರು ಕಟ್ಟುತ್ತದೆ, ಅದನ್ನು ಎದೆಯ ಮೇಲೆ ಕೂರಿಸಬೇಕು. ಕತ್ತು ಎತ್ತರಕ್ಕಿರಬೇಕು, ಮೂತಿ ಕೆಳಗಿರಬೇಕು, ಹೊಟ್ಟೆಯಿಂದ ಬಾಯಿಗೆ ಬಂದದ್ದು ಹೊರಗೆ ಸುರಿದುಹೋಗಬೇಕು. ಕಣ್ಣಿಗೆ ಬಟ್ಟೆ, ಮೈಗೆ ನೀರು, ಸುತ್ತ ಮೌನ. ಬಾಯಿಗೆ ಮಾತ್ರ ಏನನ್ನೂ ಹಾಕಕೂಡದು. ಆ ಮದ್ದಿನಲ್ಲಿ ಮಲಗಿದ ಪ್ರಾಣಿಗೆ ನುಂಗಲು ಬರುವುದಿಲ್ಲ, ಹಾಕಿದ್ದೆಲ್ಲ ಶ್ವಾಸಕೋಶಕ್ಕೆ ಇಳಿಯುತ್ತದೆ. ಆದ್ದರಿಂದ ಅದರ ತಲೆಯ ಹತ್ತಿರ ಕುಳಿತವನು ಏನೇ ಆದರೂ ಏಳಕೂಡದು. ಇನ್ನೊಂದು ಮಾತು: ಕೋಣವನ್ನು ಬರೀ ಮಲಗಿಸುವ ಆ ಮದ್ದು ಮನುಷ್ಯನಿಗೆ ಒಂದು ಗೀರಿನಲ್ಲಿ ತಾಗಿದರೂ ಅವನ ಕತೆ ಮುಗಿಯಿತು.

ಹೋಳಿ ಮುಗಿದು ಬಿಸಿಲು ಏರುತ್ತಿದ್ದಾಗ ಸುದ್ದಿ ಬಂತು. ಕಿತ್ತೂರಿನ ಹತ್ತಿರದ ದೇಗಾಂವದಲ್ಲಿ ಕಲ್ಲಪ್ಪಜ್ಜ ಎಂಬ ರೈತನ ಕಬ್ಬಿನ ಹೊಲಕ್ಕೆ ಕಾಡುಕೋಣವೊಂದು ಬಂದು ಸೇರಿಕೊಂಡಿತ್ತು. ಖಾನಾಪುರದ ಕಡೆಯ ಕಾಡಿನಲ್ಲಿ ಹಳ್ಳಗಳು ಒಣಗಿ, ಹಿಂಡಿನಿಂದ ಬೇರೆಯಾದ ಒಂಟಿ ಗಂಡು ಹಸಿರು ಹುಡುಕುತ್ತ ಮೂಡಲಕ್ಕೆ ಬಂದಿತ್ತು. ನಾನು ಮೊದಲ ಸಲ ಅದನ್ನು ನೋಡಿದ್ದು ಬೆಳಗಿನ ಹೊತ್ತಿನಲ್ಲಿ, ಬಾವಿಯ ಕಾಲುವೆಯಲ್ಲಿ ನೀರು ಕುಡಿಯುತ್ತಿದ್ದಾಗ. ನಮ್ಮ ಮನೆಯ ಬಾಗಿಲಿಗಿಂತ ಎತ್ತರ. ಕರಿ ಮೈ, ಮೊಣಕಾಲ ಕೆಳಗೆ ಬಿಳಿ ಕಾಲುಚೀಲ ಹಾಕಿದಂತೆ. ತಲೆ ಎತ್ತಿ ನಮ್ಮನ್ನು ನೋಡಿತು, ಮತ್ತೆ ನೀರಿಗೆ ಬಾಯಿ ಇಟ್ಟಿತು. ಅಷ್ಟು ದೊಡ್ಡ ಪ್ರಾಣಿಗೆ ನಮ್ಮ ಹೆದರಿಕೆಯೇ ಇರಲಿಲ್ಲ.

ಊರವರು ಅದನ್ನು ಓಡಿಸಲಿಲ್ಲ. ನಮ್ಮ ಕಡೆ ಊರದೇವತೆ ದ್ಯಾಮವ್ವನ ಹೆಸರಿನಲ್ಲಿ ಬಿಟ್ಟ ಕೋಣ ಯಾರ ಹೊಲಕ್ಕೆ ನುಗ್ಗಿದರೂ ಯಾರೂ ಕೋಲು ಎತ್ತುವುದಿಲ್ಲ. ಇದೂ ಆಕೆ ಕಳಿಸಿದ್ದೇ ಎಂದು ಹೆಂಗಸರು ದೂರದಿಂದ ಅರಿಶಿನ ಕುಂಕುಮ ಚೆಲ್ಲಿ ಕೈಮುಗಿದರು. ಕಲ್ಲಪ್ಪಜ್ಜನಿಗಂತೂ ಮನೆಗೆ ಬೀಗರು ಬಂದಷ್ಟು ಸಂಭ್ರಮ. ಕಬ್ಬು ಹಾಳಾಯಿತಲ್ಲ ಎಂದು ನಾನು ಕೇಳಿದರೆ ನನ್ನ ಮೇಲೇ ರೇಗಿದ.

"ತಿನ್ಲಿ ಬಿಡ್ರಿ ಡಾಕ್ಟರ್ರ. ಹಸದು ಬಂದೈತಿ. ಕಬ್ಬೇನು, ಮತ್ತ ಚಿಗೀತೈತಿ. ನೋಡ್ರಿ ಅದರ ಹೆಗಲಾ! ಇಂಥಾ ಎತ್ತು ಒಂದಿದ್ರ ಇಡೀ ಹೊಲಾ ನಾ ಒಬ್ಬನ ಉಳತಿದ್ನಿ."

ಕಲ್ಲಪ್ಪಜ್ಜನನ್ನು ನಾನು ಮೊದಲೇ ಬಲ್ಲೆ. ಎತ್ತಿಗೆ ಏನೇ ಆದರೂ ಮೊದಲು ತನ್ನ ಮದ್ದು ಮಾಡಿ, ಅದು ನಡೆಯದಿದ್ದರೆ ನನ್ನ ಹತ್ತಿರ ತರುತ್ತಿದ್ದ. ಅವನ ಮದ್ದು ಎಂದರೆ ಗೊಟ್ಟ. ಒಂದು ಕಡೆ ಓರೆಯಾಗಿ ಕೊಯ್ದ ಬಿದಿರಿನ ಕೊಳವೆ ಅದು. ನಮ್ಮ ರೈತರ ಮನೆಗಳಲ್ಲಿ ದನದ ಕೊಟ್ಟಿಗೆಯ ಜಂತಿಗೆ ಸಿಕ್ಕಿಸಿಟ್ಟಿರುತ್ತಾರೆ. ಎತ್ತಿಗೆ ಬಿಸಿಲಿನ ಝಳ ಹೊಡೆಯಿತೋ, ಮೇವು ಬಿಟ್ಟಿತೋ, ಗೊಟ್ಟದಲ್ಲಿ ಮಜ್ಜಿಗೆ ಮತ್ತು ಜಜ್ಜಿದ ಉಳ್ಳಾಗಡ್ಡಿ ತುಂಬಿ, ತಲೆ ಎತ್ತಿ ಹಿಡಿದು, ಬಾಯಿಯ ಮೂಲೆಯಿಂದ ಗಂಟಲಿಗೆ ಸುರಿಯುತ್ತಾರೆ. ನಿಂತಿರುವ, ನುಂಗಬಲ್ಲ ಎತ್ತಿಗೆ ಅದರಿಂದ ತಂಪೇ ಆಗುತ್ತದೆ, ನಾನೇನೂ ಬೇಡ ಎನ್ನುತ್ತಿರಲಿಲ್ಲ. ಮಕ್ಕಳಿಗೆ ಜ್ವರ ಬಂದಾಗ ತಾಯಿ ಹಣೆ ಮುಟ್ಟಿ ನೋಡುವಂತೆ ಆ ಮಂದಿ ಗೊಟ್ಟಕ್ಕೆ ಕೈ ಹಾಕುತ್ತಾರೆ, ಯೋಚನೆ ಮಾಡುವುದಿಲ್ಲ.

ಊರವರಷ್ಟೇ ಇದ್ದಿದ್ದರೆ ಮುಂಗಾರು ಬಿದ್ದ ಮೇಲೆ ಆ ಕೋಣ ಬಂದ ದಾರಿಯಲ್ಲೇ ಹೋಗುತ್ತಿತ್ತೋ ಏನೋ. ಆದರೆ ಸುದ್ದಿ ಹಬ್ಬಿತು. ಬೈಲಹೊಂಗಲದಿಂದ ಬಸ್ಸು ಹತ್ತಿ ಬಂದರು, ಸವದತ್ತಿ ರಾಮದುರ್ಗದ ಕಡೆಯಿಂದ ಟ್ರಕ್ಕಿನಲ್ಲಿ ಬಂದರು. ಕಬ್ಬಿನ ಹೊಲದ ಸುತ್ತ ಚುರುಮುರಿ ಅಂಗಡಿ ಎದ್ದವು. ಪಟಾಕಿ ಹಚ್ಚಿ ಒಗೆದವರುಂಟು, ಕಲ್ಲು ಬೀಸಿದವರುಂಟು. ಹತ್ತಿರ ಹೋಗಿ ಶೌರ್ಯ ತೋರಿಸಲು ನೋಡಿದ ಒಬ್ಬ ಕಾಲು ಮುರಿದುಕೊಂಡ. ಆಗ ಮೇಲಿನಿಂದ ಅಪ್ಪಣೆ ಬಂತು: ಕೋಣವನ್ನು ಮಲಗಿಸಿ, ಲಾರಿಯಲ್ಲಿ ಕಾಡಿಗೆ ಬಿಡಬೇಕು, ಮಲಗಿಸುವುದು ನಾನು. ನನಗೂ ಅದೇ ಬೇಕಾಗಿತ್ತು. ಇನ್ನು ಸ್ವಲ್ಪ ದಿನ ಹೋದರೆ ಯಾರಾದರೂ ಗುಂಡು ಹಾಕುವುದು ಖಂಡಿತ ಎನಿಸಿತ್ತು. ಜೀವಂತ ಲಾರಿ ಹತ್ತಿಸಿ, ಜೀವಂತ ಕಾಡಿನಲ್ಲಿ ಇಳಿಸಿದರೆ ಸಾಕು ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

ಕೆಲಸದ ಉಸ್ತುವಾರಿಗೆ ಬಂದ ಮೇಲಧಿಕಾರಿಯ ಹೆಸರು ಬರೆಯುವುದಿಲ್ಲ. ದೊಡ್ಡ ಸಾಹೇಬ ಎನ್ನುತ್ತೇನೆ, ಅವರು ತಮ್ಮನ್ನು ತಾವು ಹಾಗೇ ತಿಳಿದಿದ್ದರು. ಅವರ ಮುಂದೆ ಕುಳಿತು ಎಲ್ಲ ಬಿಡಿಸಿ ಹೇಳಿದೆ. ಬೆಳಗಿನ ತಂಪಿನಲ್ಲೇ ಹೊಡೆಯಬೇಕು, ಮಂದಿಯನ್ನು ಊರಾಚೆ ತಡೆಯಬೇಕು, ಬಿಸಿಲಿನಲ್ಲಿ ಓಡಿಸಿದರೆ ಪ್ರಾಣಿಯ ಮೈ ಒಳಗೇ ಬೇಯುತ್ತದೆ ಎಂದೆ. ಸಾಹೇಬರು ಹೂಂಗುಟ್ಟಿದರು, ಚಹಾ ತರಿಸಿದರು, ಎಲ್ಲದಕ್ಕೂ "ಆಗಲ್ರಿ ಡಾಕ್ಟರ್, ನೀವು ಹೇಳಿದಂಗ" ಎಂದರು. ನಾನು ನಂಬಿದೆ.

ಗೊತ್ತುಮಾಡಿದ ದಿನ ಬೆಳ್ಳಿ ಮೂಡುವಾಗಲೇ ಹೊಲದಲ್ಲಿದ್ದೆ. ನನ್ನ ಜೊತೆಗೆ ಫಾರೆಸ್ಟ್ ಗಾರ್ಡ್ ಇಮಾಮಸಾಬ. ಮಾತು ಕಡಿಮೆ, ಕೈ ಗಟ್ಟಿ. ಮಲಗಿದ ಕೋಣದ ತಲೆ ಹಿಡಿಯುವವನು ಅವನೇ ಎಂದು ಗೊತ್ತುಮಾಡಿ, ಏನು ಮಾಡಬೇಕು, ಏನು ಮಾಡಬಾರದು ಎಂದು ಅವನಿಗೆ ತಿದ್ದಿ ತಿದ್ದಿ ಹೇಳಿದ್ದೆ. ಬೆಳಕು ಹರಿಯಿತು. ಕೋಣ ಕಬ್ಬಿನ ಅಂಚಿನಲ್ಲಿ ತಾನಾಗಿಯೇ ಬಂದು ನಿಂತಿತು, ಪಕ್ಕ ತಿರುಗಿಸಿ, ತೊಡೆ ನನ್ನ ಕಡೆಗೆ. ಗಾಳಿ ಇಲ್ಲ, ಮಂದಿ ಇಲ್ಲ. ಅಂಥ ಹೊತ್ತು ಮತ್ತೆ ನನ್ನ ಇಡೀ ನೌಕರಿಯಲ್ಲಿ ಸಿಗಲಿಲ್ಲ. ಬಂದೂಕು ಎತ್ತಿ ಹೆಗಲಿಗೆ ಆನಿಸಿದ್ದೆ. ಆಗ ಸಾಹೇಬರ ಜೀಪು ದಡಬಡ ಬಂತು.

"ತಡೀರಿ, ತಡೀರಿ ಡಾಕ್ಟರ್! ಹೊಡೀಬ್ಯಾಡ್ರಿ!" ಎಂದು ಜೀಪಿನಿಂದಲೇ ಕೈ ಬೀಸಿದರು. ಬೆಳಗಾವಿಯಿಂದ ಒಬ್ಬ ಪುಢಾರಿ ಬರುವವರಿದ್ದರಂತೆ. ಅವರ ಸಮ್ಮುಖದಲ್ಲಿ ಆಗಬೇಕಂತೆ. ಧಾರವಾಡದಿಂದ ಫೋಟೋದವನನ್ನೂ ಕರೆಸಿದ್ದರಂತೆ.

"ಅವರು ಬರೂದು ಯಾವಾಗ್ರಿ?" ಎಂದೆ.

"ನಾಷ್ಟಾ ಮುಗಿಸಿ ಹೊರಡತಾರ. ಹೊತ್ತು ಏರೂದ್ರಾಗ ಬರ್ತಾರ."

"ಹೊತ್ತು ಏರಿದ್ರ ಬಿಸಲಿರತೈತ್ರಿ ಸಾಹೇಬ್ರ. ಈಗ ನೋಡ್ರಿ, ಹೆಂಗ ನಿಂತೈತಿ. ಆಮ್ಯಾಲ ಅದು ಸತ್ತುಗಿತ್ತು ಹೋದೀತು."

"ಸಾಯೂ ಮಾತು ಯಾಕ್ರಿ ಆಡ್ತೀರಿ ಮುಂಜಮುಂಜಾನೆ? ಕ್ವಾಣ ಎಲ್ಲಿಗೆ ಹೋಗತೈತಿ? ಇಲ್ಲೇ ಇರತೈತಿ. ಅಂಥಾ ದೊಡ್ಡವರು ದಿನಾ ಬರತಾರೇನು?"

ಜೀಪಿನ ಸದ್ದಿಗೆ ಕೋಣ ಆಗಲೇ ಕಬ್ಬಿನೊಳಗೆ ಸರಿದಿತ್ತು. ಹಲ್ಲು ಕಡಿದುಕೊಂಡು ಬಂದೂಕು ಕೆಳಗಿಳಿಸಿದೆ.

ಕಾಯ್ದೆವು. ಬಿಸಿಲು ಏರಿತು. ಮಂದಿಯನ್ನು ತಡೆಯುವುದಿರಲಿ, ಸಾಹೇಬರ ಕಡೆಯವರೇ ಪೆಂಡಾಲು ಹಾಕಿ, ಖುರ್ಚಿ ಇಟ್ಟು, ಹಲಗೆ ಬಡಿಯುವವರನ್ನು ಕೂರಿಸಿದರು. ಜಾತ್ರೆಗೆ ಕಡಿಮೆಯಾದದ್ದು ಏನೂ ಇರಲಿಲ್ಲ. ಪುಢಾರಿಯ ಕಾರು ಬಂದಾಗ ನೆಲ ಹಂಚಿನಂತೆ ಕಾದಿತ್ತು. ಬಿಳಿ ಟೋಪಿ, ಬಿಳಿ ಬಟ್ಟೆ, ಹಿಂದೆ ಛತ್ರಿ ಹಿಡಿದವನು. "ಎಲ್ಲೈತ್ರಿ ನಿಮ್ಮ ಪ್ರಾಣಿ? ಕಾಣವಲ್ದು," ಎಂದರು ಆ ದೊಡ್ಡ ಮನುಷ್ಯರು. ಪ್ರಾಣಿ ಕಾಣಿಸುತ್ತಿಲ್ಲ ಎಂದರೆ ಸಾಹೇಬರ ಮಾನ ಹೋದಂತೆ. ಹಲಗೆಯವರಿಗೆ ಕೈಸನ್ನೆ ಮಾಡಿದರು. ನಾನು ಬೇಡ ಬೇಡ ಎಂದು ಕೂಗುತ್ತಿದ್ದಂತೆಯೇ ಹಲಗೆ ಬಡಿಯುತ್ತ, ಡಬ್ಬಿ ಕುಟ್ಟುತ್ತ, ಕೇಕೆ ಹಾಕುತ್ತ ಮಂದಿ ಕಬ್ಬಿನೊಳಗೆ ನುಗ್ಗಿದರು.

ಕೋಣ ಹೊರಗೆ ಬಂದದ್ದು ಹುಚ್ಚು ಹಿಡಿದಂತೆ. ಈ ಬದುವಿಗೆ ಹೋದರೆ ಮಂದಿ, ಆ ಬದುವಿಗೆ ಹೋದರೆ ಮಂದಿ. ಆ ಸುಡು ಬಿಸಿಲಿನಲ್ಲಿ ಹೊಲದ ಸುತ್ತ ಅದನ್ನು ಎಷ್ಟೋ ಹೊತ್ತು ಓಡಿಸಿದರು. ಪುಢಾರಿ ಖುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದರು. ಅದರ ಬಾಯಿಯಿಂದ ನೊರೆ ಸುರಿಯುತ್ತಿತ್ತು. ಕೊನೆಗೆ ಬಾವಿಯ ಹತ್ತಿರದ ಬೇವಿನ ಮರದ ಕೆಳಗೆ ನಿಂತು, ಕಾಲು ಅಗಲಿಸಿ ತೇಕತೊಡಗಿತು. ಇನ್ನು ತಡಮಾಡಿದರೆ ಓಡಿ ಓಡಿಯೇ ಸಾಯುತ್ತದೆ ಎಂದು ಆಗಲೇ ಹೊಡೆದೆ. ಕೆಂಪು ಕುಚ್ಚು ತೊಡೆಯ ಮೇಲೆ ಕುಳಿತಿತು. ಸ್ವಲ್ಪ ದೂರ ಹೋಯಿತು, ತೂಗಾಡಿತು, ಮತ್ತೆ ಅದೇ ನೆರಳಿಗೆ ಬಂದು ಮೊಣಕಾಲೂರಿ ಕುಸಿಯಿತು.

ನಾನೂ ಇಮಾಮಸಾಬನೂ ಕಲ್ಲಪ್ಪಜ್ಜನ ಮಕ್ಕಳೂ ಓಡಿದೆವು. ಪಕ್ಕಕ್ಕೆ ವಾಲುತ್ತಿದ್ದ ಮೈಗೆ ಹೊಟ್ಟು ತುಂಬಿದ ಚೀಲಗಳನ್ನು ಒತ್ತಿ ಎದೆಯ ಮೇಲೆ ಕೂರಿಸಿದೆವು. ಕಣ್ಣಿಗೆ ಒದ್ದೆ ಕಂಬಳಿ ಕಟ್ಟಿದೆ. ಇಮಾಮಸಾಬ ಕೊಂಬು ಹಿಡಿದು, ಕತ್ತಿಗೆ ತನ್ನ ತೊಡೆ ಕೊಟ್ಟು, ಮೂತಿ ಕೆಳಗೆ ಮಾಡಿ ಕುಳಿತ. ಬಾವಿಯಿಂದ ಕೊಡಗಟ್ಟಲೆ ನೀರು ತಂದು ಮೈಮೇಲೆ ಸುರಿದೆವು. ಪಕ್ಕೆಲುಬಿನ ಮೇಲೆ ಕೈಯಿಟ್ಟು ಕುಳಿತೆ. ಮೊದಲು ಉಸಿರು ಹರಿದುಹರಿದು ಬರುತ್ತಿತ್ತು. ನೀರು ಸುರಿದಂತೆ ಮೈ ತಣ್ಣಗಾಯಿತು, ಉಸಿರು ಒಂದೇ ಸಮನಾಯಿತು, ದೊಡ್ಡದಾಯಿತು. ಅಷ್ಟೆಲ್ಲ ಹಿಂಸೆ ಅನುಭವಿಸಿದ ಮೇಲೂ ಆ ಪ್ರಾಣಿ ಬದುಕಲು ಒಪ್ಪಿತ್ತು. ಇದನ್ನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ, ಅದು ಬದುಕಿತ್ತು. ಇನ್ನು ಉಳಿದದ್ದು ಲಾರಿಯ ಮೇಲಿನ ಕಟ್ಟಿಗೆಯ ಪಂಜರಕ್ಕೆ ಎಳೆದು ಹತ್ತಿಸುವುದು, ಎಚ್ಚರಿಸುವ ಮದ್ದು ಚುಚ್ಚುವುದು, ಅಷ್ಟೇ. ಲಾರಿ ಹಿಂದಕ್ಕೆ ಬರತೊಡಗಿತ್ತು.

"ಲಾರಿ ನಿಲ್ಲಸ್ರಿ! ಫೋಟೋ ಆಗಬೇಕು!" ಸಾಹೇಬರ ದನಿ. ತಿರುಗಿ ನೋಡಿದೆ. ಪೆಂಡಾಲಿನ ಮುಂದೆ ಪುಢಾರಿ ನಿಂತಿದ್ದರು. ಜೀಪಿನೊಳಗೆ ಪೆಟ್ಟಿಗೆಯಲ್ಲಿ ನಾನು ಮುಚ್ಚಿಟ್ಟಿದ್ದ ಎರಡನೆಯ ಡಾರ್ಟನ್ನು, ಮೊದಲನೆಯದು ಸಾಲದಿದ್ದರೆ ಬೇಕಾದೀತೆಂದು ಮದ್ದು ತುಂಬಿ ಇಟ್ಟದ್ದನ್ನು, ಸಾಹೇಬರು ತೆಗೆದು ಅವರ ಕೈಗೆ ಕೊಟ್ಟಿದ್ದರು. ಅದರ ಸೂಜಿಯ ಮುಚ್ಚಳ ಕೆಳಗೆ ಬಿದ್ದಿತ್ತು. ಪುಢಾರಿ ಕುಚ್ಚು ಹಿಡಿದು ತಿರುಗಿಸುತ್ತ, ಇನ್ನೊಂದು ಕೈಯ ಬೆರಳಿನಿಂದ ಸೂಜಿಯ ಮೊನೆ ಎಷ್ಟು ಚೂಪೆಂದು ಮುಟ್ಟಿ ನೋಡಲು ಹೊರಟಿದ್ದರು.

ನಾನೇನು ಮಾಡಬೇಕಾಗಿತ್ತು, ಹೇಳಿ. ಒಂದು ಗೀರು ಸಾಕು, ಆ ಬಿಳಿ ಟೋಪಿ ಅಲ್ಲೇ ಉರುಳುತ್ತಿತ್ತು. "ಇಮಾಮಸಾಬ, ತಲಿ ಬಿಡಬ್ಯಾಡ!" ಎಂದು ಕೂಗಿ ಓಡಿದೆ. ಹೋಗಿ ಅವರ ಮಣಿಕಟ್ಟು ಹಿಡಿದು, ಡಾರ್ಟನ್ನು ಮೆಲ್ಲಗೆ ಬಿಡಿಸಿಕೊಳ್ಳುತ್ತಿದ್ದೆ. ಅದೇ ಹೊತ್ತಿಗೆ ಫೋಟೋದವನ ದೀಪ ಹೊಳೆಯಿತು. ಸಾಹೇಬರಿಗೆ ಖುಷಿಯೋ ಖುಷಿ. "ಹಂಗ ನಿಂದರ್ರಿ ಡಾಕ್ಟರ್, ಹಂಗ! ಏ ಗಾರ್ಡ್, ನೀನೂ ಬಾರೊ, ಡ್ರೆಸ್ ಹಾಕ್ಕೊಂಡವರು ಒಬ್ಬರು ಬೇಕು!" ಎಂದರು. ನಾನು ಬೇಡ ಎಂದು ಕೂಗಿದೆ. ಇಮಾಮಸಾಬ ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಸಾಹೇಬರ ಮುಖ ನೋಡಿದ. ಅವನು ಯಾರ ಕೈಕೆಳಗಿನ ನೌಕರ ಎಂಬುದು ಅವನಿಗೆ ಗೊತ್ತಿತ್ತು. ಕೊಂಬು ಬಿಟ್ಟು ಎದ್ದು ಬಂದ. ಕಲ್ಲಪ್ಪಜ್ಜನ ಮಕ್ಕಳನ್ನೂ ಸಾಹೇಬರು ಹುರುಪಿನಲ್ಲಿ ಕರೆದರು. ನನ್ನ ಕೊರಳಿಗೆ ಯಾರೋ ಹಾರ ಹಾಕಿದರು; ಡಾರ್ಟ್ ನನ್ನ ಕೈಗೆ ಪೂರ್ತಿ ಬರುವ ಮೊದಲೇ ದೀಪ ಮತ್ತೊಮ್ಮೆ ಹೊಳೆಯಿತು. ಕೈಯಲ್ಲಿ ಸಾವು ತುಂಬಿದ ಸೂಜಿ ಹಿಡಿದವನು ಮಂದಿಯನ್ನು ನೂಕಿ ಓಡಲಾರ; ಅದಕ್ಕೆ ಮುಚ್ಚಳ ಹಾಕಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವವರೆಗೆ ನನ್ನ ಜೀವ ಒಂದು ಕಡೆ, ಕಣ್ಣು ಒಂದು ಕಡೆ.

ಆಗ ಕೇಳಿಸಿತು ಕೆಮ್ಮು. ದನದ ಡಾಕ್ಟರನಿಗೆ ಆ ಕೆಮ್ಮು ಏನೆಂದು ಯಾರೂ ಹೇಳಬೇಕಾಗಿಲ್ಲ.

ಓಡಿ ಬಂದೆ. ಬೇವಿನ ಮರದ ಕೆಳಗೆ ಕಲ್ಲಪ್ಪಜ್ಜ ಒಬ್ಬನೇ ಕೋಣದ ತಲೆಯನ್ನು ಹೆಗಲಿನಿಂದ ಮೇಲಕ್ಕೆತ್ತಿ, ಬಾಯಿಯ ಮೂಲೆಗೆ ಗೊಟ್ಟ ಇಟ್ಟು, ಮಗುವಿಗೆ ಹಾಲೂಡಿಸುವಂತೆ ಮಜ್ಜಿಗೆ ಸುರಿಯುತ್ತಿದ್ದ. "ಕುಡಿಯೋ ನಮ್ಮಪ್ಪ, ಕುಡಿ. ಎಷ್ಟ ಓಡಿಸ್ಯಾರೋ ನಿನ್ನ, ಇವರ ಕೈ ಸೇದಿಹೋಗ," ಎನ್ನುತ್ತಿದ್ದ. ಕಾಲ ಹತ್ತಿರ ಒಂದು ತಂಬಿಗೆ ಆಗಲೇ ಖಾಲಿಯಾಗಿ ಬಿದ್ದಿತ್ತು. ಗೊಟ್ಟ ಕಿತ್ತೊಗೆದು, ತಲೆ ಕೆಳಗೆ ಮಾಡಿ, ಮೂತಿ ನೆಲಕ್ಕೆ ಹಚ್ಚಿ ಎದೆ ಬಡಿದೆ. ಮೂಗಿನಿಂದ ಬಿಳಿ ನೊರೆ ಬಂತು, ಉಳ್ಳಾಗಡ್ಡಿಯ ಚೂರು ಬಂದವು. ಎಚ್ಚರಿಸುವ ಮದ್ದನ್ನು ಅಲ್ಲೇ ನರಕ್ಕೆ ಚುಚ್ಚಿದೆ. ಅದಕ್ಕೆ ಎಚ್ಚರವೂ ಆಯಿತು, ಅದೇ ನನ್ನ ಹೊಟ್ಟೆ ಉರಿಸುವುದು. ಕಂಬಳಿ ಜಾರಿ ಕಣ್ಣು ತೆರೆಯಿತು, ಮುಂಗಾಲು ಊರಲು ನೋಡಿತು. ಆದರೆ ಉಸಿರಾಡಲು ಒಳಗೆ ಜಾಗವಿರಲಿಲ್ಲ. ನನ್ನ ಕೈಕೆಳಗೇ ಸತ್ತಿತು.

ಪುಢಾರಿಯ ಕಾರು ಮೊದಲು ಹೊರಟಿತು. ಸಾಹೇಬರು ಓಡುತ್ತ ಬಂದರು, ನೆಲದ ಮೇಲಿನ ಗೊಟ್ಟ ನೋಡಿದರು. ಅವರ ಮುಖ ಒಂದು ಕ್ಷಣ ಬೆಳ್ಳಗಾಯಿತು, ಆಮೇಲೆ ಹಗುರಾಯಿತು. ಹಗುರಾದದ್ದನ್ನು ನಾನು ಕಣ್ಣಾರೆ ಕಂಡೆ.

"ಯಾರು ಕುಡಿಸಿದ್ದು? ಈ ಮುದುಕನೇನು? ಹಿಡೀರಿ ಇವನ್ನ. ಅಡವಿ ಪ್ರಾಣಿ ಕೊಂದಾನ, ಹೊಸಾ ಕಾಯ್ದೆ ಐತಿ, ಒಳಗ ಹಾಕಸ್ತೇನಿ," ಎಂದರು. ಕಲ್ಲಪ್ಪಜ್ಜನಿಗೆ ಏನಾಯಿತೆಂದೇ ತಿಳಿದಿರಲಿಲ್ಲ. ಕೋಣದ ಕಿವಿ ಸವರುತ್ತ, "ಏಳವಲ್ತಲ್ರಿ ಡಾಕ್ಟರ್ರ, ಯಾಕ ಏಳವಲ್ತು?" ಎಂದು ಕೇಳುತ್ತಿದ್ದ.

ಸಾಹೇಬರು ನನ್ನ ಕಡೆ ತಿರುಗಿದರು. ನನ್ನ ಕೊರಳಲ್ಲಿ ಇನ್ನೂ ಹಾರವಿತ್ತು. "ಡಾಕ್ಟರ್, ಇದನ್ನ ಲಗೂನ ಇಲ್ಲಿಂದ ಎತ್ತಸ್ರಿ. ನಿಮ್ಮ ಓಣಿ ಮಂದೀನ ಕರಸ್ರಿ, ಅವರಿಗೆ ಗೊತ್ತಿರತೈತಿ ಈ ಕೆಲಸ."

ಫೋಟೋಕ್ಕೆ ನಿಲ್ಲಿಸುವಾಗ ನಾನು ಡಾಕ್ಟರ್. ಸತ್ತ ಮೇಲೆ ನಾನು ಓಣಿಯವನು. ಅಷ್ಟು ಬೇಗ ಅವರ ನಾಲಿಗೆ ಹೇಗೆ ಹೊರಳಿತು ಎಂದು ಇವತ್ತಿಗೂ ನನ್ನ ಮೈ ಉರಿಯುತ್ತದೆ. ಹಾರ ಕಿತ್ತು ಅವರ ಕಾಲ ಹತ್ತಿರ ಒಗೆದೆ. "ಆ ಕೆಲಸ ನಮ್ಮಪ್ಪ ಬಿಟ್ಟ ಎಷ್ಟೋ ವರ್ಷ ಆತ್ರಿ. ಇದನ್ನ ಸಾಯೂ ಹಂಗ ಮಾಡಿದವರು ಯಾರೋ, ಅವರ ಎಳೀಲಿ," ಎಂದೆ. ಸಾಹೇಬರು ಎಳೆಯಲಿಲ್ಲ, ಅವರ ಜೀಪಿಗೆ ಬೇರೆ ಕೆಲಸವಿತ್ತು. ಅಲ್ಲೇ, ಎಲ್ಲರ ಎದುರಿಗೆ, ಎದೆ ಕೊಯ್ದು ನೋಡಿದೆ. ಶ್ವಾಸಕೋಶದ ತುಂಬ ಮಜ್ಜಿಗೆ. ಆ ಬಿಸಿಲಿನಲ್ಲಿ ಜಜ್ಜಿದ ಉಳ್ಳಾಗಡ್ಡಿಯ ವಾಸನೆ ಗಪ್ಪನೆ ಎದ್ದಿತು. ಕಲ್ಲಪ್ಪಜ್ಜನ ಮಕ್ಕಳು ತಮ್ಮ ಹೊಲದಲ್ಲೇ ಗುಂಡಿ ತೋಡಿ, ಉಪ್ಪು ಹಾಕಿ ಹೂಳಿದರು. ತನ್ನ ಮಜ್ಜಿಗೆಯಿಂದಲೇ ಸತ್ತಿತು ಎಂಬುದು ಅಷ್ಟು ಹೊತ್ತಿಗೆ ಅಜ್ಜನಿಗೆ ಯಾರೋ ಹೇಳಿದ್ದರು. ಅವನು ಗುಂಡಿಯ ಹತ್ತಿರ ಬರಲಿಲ್ಲ.

ಮರುದಿನದ ಪೇಪರಿನಲ್ಲಿ ಫೋಟೋ ಬಂತು. ನಾನು ಪುಢಾರಿಯ ಕೈಯಿಂದ ಸಾವನ್ನು ಬಿಡಿಸಿಕೊಳ್ಳುತ್ತಿರುವುದು ನೋಡುವವರಿಗೆ ಭಕ್ತಿಯಿಂದ ಡಾರ್ಟ್ ಒಪ್ಪಿಸುತ್ತಿರುವಂತೆ ಕಾಣುತ್ತಿತ್ತು. ಹಿಂದೆ ಎದೆ ಸೆಟೆಸಿ ಇಮಾಮಸಾಬ, ಪಕ್ಕದಲ್ಲಿ ನಗುತ್ತ ಸಾಹೇಬ. ಕೆಳಗೆ ಬರೆದದ್ದು, ಕಾಡುಕೋಣವನ್ನು ಸುರಕ್ಷಿತವಾಗಿ ಸೆರೆಹಿಡಿಯಲಾಯಿತು ಎಂದು. ಅದು ಅಚ್ಚಾಗುವ ಹೊತ್ತಿಗೆ ಕೋಣ ಮಣ್ಣಿನಲ್ಲಿತ್ತು. ತಪ್ಪಾಯಿತು ಎಂದು ಯಾರೂ ಎಲ್ಲಿಯೂ ಬರೆಯಲಿಲ್ಲ.

ಕೇಸು ಮಾತ್ರ ನಿಜವಾಗಿಯೇ ಆಯಿತು. ಆ ಕಾಯ್ದೆ ಒಳ್ಳೆಯದೇ, ಕಾಡಿನ ಪ್ರಾಣಿಗಳಿಗಾಗಿ ಮಾಡಿದ್ದು; ಅದನ್ನು ಇಡೀ ತಾಲೂಕಿನಲ್ಲಿ ಆ ಕೋಣದ ಮೇಲೆ ಮಮತೆಯಿದ್ದ ಒಬ್ಬನೇ ಮುದುಕನ ಮೇಲೆ ಹಾಕಿದರು. ಗಾರ್ಡ್ ಕಾವಲಿದ್ದರೂ ಅವನ ಕಣ್ಣು ತಪ್ಪಿಸಿ ಮುದುಕ ಏನೋ ಕುಡಿಸಿದ ಎಂದು ಸಾಹೇಬರು ಬರೆದುಕೊಟ್ಟರು. ಕಾವಲು ಎಬ್ಬಿಸಿದ್ದು ಯಾರು ಎಂದು ನಾನು ಬರೆದುಕೊಟ್ಟೆ. ಮುಂಗಾರು ಬೀಳುವುದರೊಳಗೆ ನನ್ನನ್ನು ರಾಮದುರ್ಗ ತಾಲೂಕಿನ ಕಟಕೋಳಕ್ಕೆ ವರ್ಗ ಮಾಡಿದರು. ಅಲ್ಲಿಯ ದನಗಳೂ ದನಗಳೇ, ನನಗೇನೂ ತೊಂದರೆಯಾಗಲಿಲ್ಲ. ಆದರೆ ವಿಚಾರಣೆಯಿದ್ದ ದಿನವೆಲ್ಲ ಬಸ್ಸು ಹತ್ತಿ ಬೈಲಹೊಂಗಲದ ಕೋರ್ಟಿಗೆ ಬರುತ್ತಿದ್ದೆ. ಕಲ್ಲಪ್ಪಜ್ಜ ತೊಳೆದ ಧೋತರ ಉಟ್ಟು, ತಲೆಯ ಪಟಗಾ ಬಿಚ್ಚಿ ಕೈಯಲ್ಲಿ ಹಿಡಿದು, ಬೆಂಚಿದ್ದರೂ ಗೋಡೆಗೆ ಆನಿಸಿ ಕೆಳಗೆ ಕುಳಿತಿರುತ್ತಿದ್ದ. ನನ್ನ ಜೊತೆ ಮಾತಾಡುತ್ತಿರಲಿಲ್ಲ. ಕೊನೆಗೆ ಅವನಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು, ಅದನ್ನು ಈಗಲೇ ಹೇಳಿಬಿಡುತ್ತೇನೆ. ನಾನು ಹೇಳಬೇಕೆಂದದ್ದು ಅದಕ್ಕೂ ಮೊದಲಿನ ಮಾತು.

ಸಾಕ್ಷಿಯ ದಿನ ಇಮಾಮಸಾಬ ನೆಲ ನೋಡುತ್ತ, ಹೇಳಿಕೊಟ್ಟದ್ದನ್ನು ಹೇಳಿ ಇಳಿದ. ಆಮೇಲೆ ನನ್ನ ಸರದಿ. ಕೋಣ ಸತ್ತದ್ದು ಮಜ್ಜಿಗೆ ಶ್ವಾಸಕೋಶಕ್ಕೆ ಇಳಿದದ್ದರಿಂದ ಹೌದೋ ಅಲ್ಲವೋ ಎಂದು ಸರ್ಕಾರದ ವಕೀಲರು ಕೇಳಿದರು. ಹೌದು, ಆದರೆ ಎಂದು ಬಾಯಿ ತೆರೆದೆ. ಕೇಳಿದ್ದಕ್ಕಷ್ಟೇ ಉತ್ತರ ಸಾಕು ಎಂದರು. ಕಲ್ಲಪ್ಪಜ್ಜನ ವಕೀಲರು ಹೊಸಬರು, ಆ "ಆದರೆ" ಏನೆಂದು ಅವರೂ ಕೇಳಲಿಲ್ಲ. ನುಂಗಿಕೊಂಡು ಇಳಿದೆ.

ಏನು ಕೇಳಿದರೂ ಗೊತ್ತಿಲ್ಲ ಎನ್ನಬೇಕು ಎಂದು ಅಜ್ಜನಿಗೆ ವಕೀಲರು ಕಲಿಸಿದ್ದರು. ಮ್ಯಾಜಿಸ್ಟ್ರೇಟರು ಅವನನ್ನು ನೇರವಾಗಿ ಕೇಳಿದರು, ಕೋಣಕ್ಕೆ ಮಜ್ಜಿಗೆ ಕುಡಿಸಿದ್ದು ನೀನೇ ಏನಪ್ಪ ಎಂದು. ವಕೀಲರು ಕಣ್ಸನ್ನೆ ಮಾಡುತ್ತಿದ್ದರೂ ಅಜ್ಜ ಆ ಕಡೆ ನೋಡಲಿಲ್ಲ.

"ನಾನ ಕುಡಿಸೀನ್ರಿ ಸಾಹೇಬ್ರ. ಬಾಯಿ ತಕ್ಕೊಂಡು ಬಿದ್ದಿತ್ರಿ. ಝಳ ಹೊಡದೈತಿ ಅಂತ ತಿಳಕೊಂಡ್ನಿ. ನಮ್ಮ ಎತ್ತಿಗೂ ಹಂಗ ಮಾಡತೇವ್ರಿ. ನನ್ನ ಕೈಯಿಂದ ಸತ್ತೈತಿ, ಇಲ್ಲ ಅನ್ನಂಗಿಲ್ರಿ."

ಅಷ್ಟು ಮಂದಿಯಲ್ಲಿ ತಾನು ಮಾಡಿದ್ದನ್ನು ತಾನು ಮಾಡಿದೆ ಎಂದವನು ಅವನೊಬ್ಬನೇ. ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು. ಸಾಹೇಬರು ಮುಂದಿನ ಸಾಲಿನ ಖುರ್ಚಿಯಲ್ಲಿದ್ದರು, ಅವರ ಹಿಂದೆ ಇಮಾಮಸಾಬ ನಿಂತಿದ್ದ, ನಾನು ಬಾಗಿಲ ಹತ್ತಿರ ಇದ್ದೆ.

"ಅಲ್ಲಿ ಕುಡಿಸಬೇಡ ಅಂತ ತಡೆಯುವವರು ಯಾರೂ ಇರಲಿಲ್ಲವೇ?" ಎಂದು ಮ್ಯಾಜಿಸ್ಟ್ರೇಟರು ಕೇಳಿದರು.

ಕಲ್ಲಪ್ಪಜ್ಜ ತಿರುಗಿ ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ.

"ಯಾರರೆ ಇದ್ರ ಕೇಳೇ ಕುಡಿಸ್ತಿದ್ನಿರಿ," ಎಂದ. "ಅದರ ಹತ್ತಿರ ಯಾರೂ ಇರಲಿಲ್ರಿ. ಎಲ್ಲಾರೂ ಫೋಟೋದಾಗ ಇದ್ರು."